ಶೇವಂತಾಬಾಯಿಗೆ ಹೇಳದೆ ಉಳಿದ ಎಂಟು ದಿನ

ಶೇವಂತಾಬಾಯಿಯ ಮೂಗಿಗೆ ಹತ್ತಿಯ ಕಡ್ಡಿ ಹಾಕಿದವಳು ನಾನೇ. ಎಡಗಡೆ ಐದು ಸುತ್ತು, ಬಲಗಡೆ ಐದು ಸುತ್ತು ತಿರುಗಿಸಬೇಕು. ಮೂರನೇ ಸುತ್ತಿಗೇ ಅವಳಿಗೆ ಸೀನು ಬಂತು, ಕಣ್ಣಲ್ಲಿ ನೀರು ತುಂಬಿತು, ನಗು ತಡೆಯಲಾಗದೆ ನನ್ನ ಮುಂಗೈ ಹಿಡಿದುಕೊಂಡಳು.

“ಅಯ್ಯ ಸಿಸ್ಟರ್, ಮೂಗಿನಾಗ ಏನ್ ಬಂಗಾರ ಹುಡಕ್ಲತ್ತೀರಿ? ನತ್ತು ಕಳದು ಇಪ್ಪತ್ತು ವರ್ಷ ಆತು.”

“ಬಾಯಿ ಮುಚ್ಚು ಮೌಶಿ. ಅಲ್ಲಾಡಬ್ಯಾಡ,” ಎಂದು ಗದರಿದೆ.

ಗದರುವುದು ನನ್ನ ಹುಟ್ಟುಗುಣ. ನನ್ನ ಹೆಸರು ಗ್ರೇಸ, ಬೀದರಿನ ಮೈಲೂರಿನವಳು. ಭಾಲ್ಕಿಯ ಹನ್ನೆರಡು ಹಾಸಿಗೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ವಾರ್ಡಿನಲ್ಲಿ ನನ್ನ ಬೆನ್ನ ಹಿಂದೆ ನನಗೆ ಏನು ಹೆಸರಿಟ್ಟಿದ್ದರೆಂದು ಗೊತ್ತು, ಇಲ್ಲಿ ಬರೆಯುವುದಿಲ್ಲ. ನನ್ನ ಗದರಿಕೆಗೆ ನಗುತ್ತಿದ್ದವಳು ಶೇವಂತಾಬಾಯಿ ಒಬ್ಬಳೇ. ಆಗ ಅವಳಿಗೆ ಐವತ್ತೆಂಟು ವರ್ಷ. ಔರಾದ ತಾಲ್ಲೂಕಿನ ಡಾಬಕಾದಿಂದ ಬಂದು ಇಪ್ಪತ್ತೆರಡು ವರ್ಷದಿಂದ ಅಲ್ಲಿ ಆಯಾ ಆಗಿದ್ದಳು. ನಮ್ಮ ಕಡೆ ಆಯಾಗಳಿಗೆ ಮೌಶಿ ಅನ್ನುತ್ತೇವೆ. ಭಾಲ್ಕಿಯಲ್ಲಿ ಬರೀ ಮೌಶಿ ಅಂದರೆ ಸಾಕು, ಅದು ಶೇವಂತಾಬಾಯಿಯೇ.

ಅವಳ ಕೆಲಸ ಕೂಸಿಗೆ ಎರೆಯುವುದು. ಹುಟ್ಟಿದ ಕೂಡಲೇ ಸ್ನಾನ ಬೇಡ ಎಂದು ನಾವು ಹೇಳಿದರೆ ಜನ ಹೂಂ ಅನ್ನುತ್ತಾರೆ. ಮನೆಗೆ ಹೋಗುವ ದಿನ ಮಾತ್ರ ಮೌಶಿಯ ಕೈಯಿಂದ ಎರೆಸಿಯೇ ಹೊರಡಬೇಕು. ಅವಳು ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ಯುವಳು. ಕೊನೆಗೆ ಕೂಸಿನ ಮೂಗಿಗೆ ತನ್ನ ಬಾಯಿ ಒಯ್ದು ಫೂ ಎಂದು ಊದುವಳು. ಮೂಗು ತಿಳಿಯಾಗಲಿ ಎಂದು ಒಂದು ಸಲ, ಆಮೇಲೆ ಕಿವಿಗೆ, ಆಮೇಲೆ ಹೊಕ್ಕುಳಿಗೆ. ಅಳುತ್ತಿದ್ದ ಕೂಸು ಗಪ್ಪಾಗುತ್ತಿತ್ತು. ಬಾಣಂತಿಯ ತಾಯಿ, ಅತ್ತೆ, ನಾನು, ಎಲ್ಲರೂ ಸುತ್ತ ನಿಂತು ನೋಡುತ್ತಿದ್ದೆವು. ಎರಡು ಸಲ ನಮ್ಮ ಡಾಕ್ಟರು ಫಕ್ರುನ್ನಿಸಾ ಅವರು “ಊದೋದು ಬೇಡ ಮೌಶಿ” ಅಂದಿದ್ದರು. ಮೌಶಿ ತಲೆ ಆಡಿಸಿ, ಡಾಕ್ಟರು ಅತ್ತ ಹೋದ ಮೇಲೆ ಊದುತ್ತಿದ್ದಳು. ನಾನು ಕಂಡೂ ಕಾಣದಂತಿದ್ದೆ.

ಇದು ಎರಡು ಸಾವಿರದ ಹದಿನಾರರ ಬೇಸಿಗೆಯ ಮಾತು. ಎರಡು ವರ್ಷ ಮಳೆ ಕೈಕೊಟ್ಟಿತ್ತು. ಊರೂರಿನ ಮಂದಿ ಕೆಲಸ ಹುಡುಕಿಕೊಂಡು ಪುಣೆಗೋ ಹೈದರಾಬಾದಿಗೋ ಗುಳೆ ಹೋಗಿದ್ದರು. ದಿನ ತುಂಬಿದ ಹೆಣ್ಣುಮಕ್ಕಳು ಮಾತ್ರ ತವರಿಗೆ ತಿರುಗಿ ಬರುತ್ತಿದ್ದರು. ಆಸ್ಪತ್ರೆಗೆ ನೀರು ಟ್ಯಾಂಕರಿನಲ್ಲಿ, ಅದೂ ಎರಡು ದಿನಕ್ಕೊಮ್ಮೆ. ಒಂದೊಂದು ಹೆರಿಗೆಗೂ ಎಷ್ಟು ಕೊಡ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಏಪ್ರಿಲ್ ಕೊನೆಯಲ್ಲಿ ಒಂದು ಕೂಸಿಗೆ ಕುತ್ತಿಗೆಯ ಮಡಿಕೆಯಲ್ಲಿ ಗುಳ್ಳೆ ಎದ್ದವು. ಸೆಕೆಗೆ ಬಂದಿವೆ ಅಂದೆವು. ವಾರದೊಳಗೆ ಇನ್ನೆರಡು ಕೂಸುಗಳನ್ನು ತಿರುಗಿ ತಂದರು. ಅವೇ ಗುಳ್ಳೆ, ಒಳಗೆ ಕೀವು. ಮೂರಕ್ಕೂ ವಾಸಿಯಾಯಿತು. ನಾಲ್ಕನೆಯದಕ್ಕೆ ಮನೆಗೆ ಹೋದ ಮೂರನೇ ದಿನ ಜ್ವರ ಬಂತು, ಹಾಲು ಬಿಟ್ಟಿತು, ಬೀದರಿಗೆ ಒಯ್ದರು. ನಂಜು ರಕ್ತಕ್ಕೆ ಇಳಿದಿತ್ತು. ಆ ಕೂಸು ಉಳಿಯಲಿಲ್ಲ. ಸುದ್ದಿ ಕೇಳಿ ಶೇವಂತಾಬಾಯಿ ಸ್ಟೋರ್ ರೂಮಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. “ನನ್ನ ಕೈಲೇ ಎರದಿದ್ನೆಲ್ರಿ, ಹೆಂಗ ಕಣ್ಣ ಪಿಳಿಪಿಳಿ ಮಾಡ್ತಿತ್ತು,” ಎಂದು.

ನಾನು ಮೊದಲು ಟ್ಯಾಂಕರಿನವನನ್ನು ಬೈದೆ. ಆಮೇಲೆ ಗುಳೆಯಿಂದ ಬಂದವರ ಮೇಲೆ ಹರಿಹಾಯ್ದೆ. ಶೆಡ್ಡಿನಲ್ಲಿ ಮಲಗಿ, ಎಲ್ಲೆಲ್ಲಿಯದೋ ನೀರು ಕುಡಿದು ಬಂದವರ ಮೈಯಿಂದಲೇ ಇದು ಬಂದಿದೆ ಎಂದು ಖಾತ್ರಿಯಾಗಿ ಹೇಳಿದೆ, ಅವರನ್ನೆಲ್ಲ ಹಿಂದಿನ ಕೋಣೆಗೆ ಹಾಕಿಸಿದೆ. ಡಾಕ್ಟರು ಫಕ್ರುನ್ನಿಸಾ ಅದನ್ನು ನಂಬಿ ಕೂಡಲಿಲ್ಲ. ಮರುದಿನ ಬೀದರಿನ ಲ್ಯಾಬಿನಿಂದ ಕಡ್ಡಿಗಳ ಡಬ್ಬಿ ತರಿಸಿದರು. ಬಾಣಂತಿಯರಷ್ಟೇ ಅಲ್ಲ, ವಾರ್ಡಿಗೆ ಕಾಲಿಡುವ ಪ್ರತಿಯೊಬ್ಬರ ಮೂಗಿನದೂ ಬೇಕು ಅಂದರು. ಮೊದಲು ತಮ್ಮದನ್ನೇ ತೆಗೆಸಿಕೊಂಡರು, ಆಮೇಲೆ ನನ್ನದು, ಆಮೇಲೆ ಉಳಿದವರದು.

ಮೂರು ದಿನ ಕಾದೆವು. ಆ ಮೂರು ದಿನ ನಾನು ಹೆರಿಗೆಗೆ ಕೈ ಹಾಕುವ ಮುಂಚೆ ಎರಡೆರಡು ಸಲ ತೊಳೆಯುತ್ತಿದ್ದೆ, ತೊಳೆಯುತ್ತ ನೀರಿನ ಚಿಂತೆ ಮಾಡುತ್ತಿದ್ದೆ. ನನ್ನ ಮೂಗೇ ಆಗಿದ್ದರೆ ಎಂಬ ಹೆದರಿಕೆಯಲ್ಲಿ ಊಟ ಸೇರಲಿಲ್ಲ.

ರಿಪೋರ್ಟು ಬಂತು. ಗುಳೆಯಿಂದ ಬಂದವರೆಲ್ಲ ಚೊಕ್ಕ. ಡಾಕ್ಟರು ಚೊಕ್ಕ, ನಾನು ಚೊಕ್ಕ, ಕಸ ಹೊಡೆಯುವವಳೂ ಚೊಕ್ಕ. ಒಬ್ಬಳದು ಮಾತ್ರ ಅಲ್ಲ. ಸತ್ತ ಕೂಸಿನ ರಕ್ತದಲ್ಲಿ ಸಿಕ್ಕಿದ್ದ, ಮಾಮೂಲಿ ಔಷಧಿಗೆ ಬಗ್ಗದ ಆ ಕ್ರಿಮಿಯೇ ಶೇವಂತಾಬಾಯಿಯ ಮೂಗಿನಲ್ಲಿ ಕೂತಿತ್ತು. ಅವಳಿಗೆ ನೆಗಡಿ ಇಲ್ಲ, ಜ್ವರ ಇಲ್ಲ, ಮೈಮೇಲೆ ಒಂದು ಮೊಡವೆ ಇಲ್ಲ.

“ಎಷ್ಟೋ ಮಂದಿಯ ಮೂಗಲ್ಲಿ ಹೀಗೆ ಸುಮ್ಮನೆ ಇರುತ್ತೆ ಗ್ರೇಸ್. ಅವರಿಗೆ ಏನೂ ಮಾಡೋದಿಲ್ಲ. ಕೈಗೆ ಬರುತ್ತೆ, ಉಸಿರಿಗೆ ಬರುತ್ತೆ, ಹಸುಗೂಸಿಗೆ ತಗಲುತ್ತೆ,” ಎಂದು ಡಾಕ್ಟರು ಮುಲಾಮಿನ ಟ್ಯೂಬು ನನ್ನ ಕೈಗಿಟ್ಟರು. “ಐದು ದಿನ ಮೂಗಿಗೆ ಹಚ್ಚಬೇಕು. ಮೈ ತೊಳೆಯೋಕೆ ಈ ಔಷಧಿ. ಆಮೇಲೆ ಮೂರು ಸಲ ರಿಪೋರ್ಟು ಚೊಕ್ಕ ಬರೋವರೆಗೆ ಯಾವ ಕೂಸಿನ ಹತ್ತಿರಾನೂ ಹೋಗೋ ಹಾಗಿಲ್ಲ. ಇಲ್ಲೂ ಇಲ್ಲ, ಊರಲ್ಲೂ ಇಲ್ಲ. ಅವಳ ಮಗಳು ಜಿಜಾಗೆ ದಿನ ಹತ್ತಿರ ಬಂದಿದೆಯಲ್ಲ? ಪೂರಾ ಬಿಡಿಸಿ ಹೇಳಬೇಕು. ಇದು ಶರಮ್ ಪಡೋ ಮಾತಲ್ಲ. ಕರಿ, ನಾನೇ ಹೇಳ್ತೀನಿ.”

“ನಾ ಹೇಳ್ತೇನಿ ಮೇಡಂ. ನನ್ನ ಮಾತು ಕೇಳ್ತಾಳ,” ಅಂದೆ. ಈ ಬಾಯಿಗೆ ಆವತ್ತು ಯಾರೂ ಬೀಗ ಹಾಕಲಿಲ್ಲ.

ಯಾಕೆ ಹಾಗೆ ಅಂದೆ ಎಂದರೆ, ಶೇವಂತಾಬಾಯಿಯ ತಾಯಿ ಕೇಶರಬಾಯಿಯ ಕಥೆ ನನಗೆ ಗೊತ್ತಿತ್ತು. ಡಾಬಕಾದಲ್ಲಿ ಅವಳೇ ಸೂಲಗಿತ್ತಿ. ದೊಡ್ಡ ಮನೆಗಳಲ್ಲಿ ಹೆರಿಗೆ ಆದರೆ ಅವಳನ್ನೇ ಕರೆಯಬೇಕು. ಕೂಸು ಹೊರಬರುವವರೆಗೆ ಅವಳ ಕೈ ಬೇಕು. ಹೊಕ್ಕುಳಬಳ್ಳಿ ಕೊಯ್ದು ಮುಗಿಯಿತೆಂದರೆ ಅವಳನ್ನು ಹೊರಗೆ ಕೂಡಿಸಿ, ಅವಳು ಮುಟ್ಟಿದ ನೆಲಕ್ಕೆಲ್ಲ ಗೋಮೂತ್ರ ಹಾಕುತ್ತಿದ್ದರು. ಸಣ್ಣವಳಿದ್ದಾಗ ಶೇವಂತಾಬಾಯಿ ಅದನ್ನು ಕಣ್ಣಾರೆ ಕಂಡವಳು. ಆಮೇಲೆ ಅವರ ಮನೆಯವರೆಲ್ಲ ಬೌದ್ಧರಾದರು, ಓದಿದರು, ಅಣ್ಣ ಮಾಸ್ತರನಾದ. ಇವಳು ಭಾಲ್ಕಿಗೆ ಬಂದಳು. ಎಲ್ಲ ಜಾತಿಯ ಅಜ್ಜಿಯರೂ “ಮೌಶಿ ಕೈಲೇ ಎರಸ್ರಿ” ಎಂದು ಕಾದು ನಿಲ್ಲುತ್ತಿದ್ದರು. “ನಮ್ಮವ್ವ ಇದನ್ನ ನೋಡ್ಬೇಕಿತ್ತು ಸಿಸ್ಟರ್,” ಎಂದು ಅವಳು ನನಗೆ ಎಷ್ಟು ಸಲ ಹೇಳಿರಬೇಕು.

ನನ್ನ ಮುತ್ತಜ್ಜಿಯೂ ಅಂಥದೇ ಒಂದು ಕೇರಿಯಿಂದ ಬಂದು ಮಿಷನ್ನಿನವರ ಶಾಲೆಗೆ ಸೇರಿದವಳು. ಮುಟ್ಟಬೇಡ ಎಂಬ ಮಾತು ಹೇಗೆ ನಾಟುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಮಾತನ್ನು ನಾನು, ಅದೂ ಅವಳಿಗೆ, ಹೇಗೆ ಆಡಲಿ? ಶೇವಂತಾಬಾಯಿ ಎದುರು ಬಂದು ನಿಂತಳು.

“ಮೌಶಿ, ನೀರಿನ ತಕಲೀಫ ಭಾಳ ಆಗ್ಯದ. ಅರ್ಧ ವಾರ್ಡ್ ಮುಚ್ಲತ್ತೇವಿ,” ಅಂದೆ. “ಒಂದು ತಿಂಗಳ ಊರಿಗಿ ಹೋಗು. ಜಿಜಾನ ಬಾಣಂತನ ಆಗ್ತದ. ಈ ಬಿಸಲಿಗಿ ಮೂಗು ಒಣಗಿ ಒಡೀತದ, ಈ ಮುಲಾಮು ದಿನಾ ಎರಡು ಸಲ ಮೂಗಿಗಿ ಹಚ್ಚು. ಮರೀಬ್ಯಾಡ. ಈ ಔಷಧಿಲೇ ಮೈ ತೊಳ್ಕೊ.”

“ಇಷ್ಟು ಫಿಕರ್ ಯಾಕ ಮಾಡ್ತೀರಿ ನನ್ನ ಮ್ಯಾಲ?” ಎಂದು ನಕ್ಕು, ಟ್ಯೂಬನ್ನು ಸೊಂಟದ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೇ ಹೋದಳು. ಐದು ದಿನ ಮುಲಾಮು ಹಚ್ಚಿದರೆ ಕ್ರಿಮಿ ಹೋಗುತ್ತದೆ, ಜಿಜಾಬಾಯಿಯ ಹೆರಿಗೆಗೆ ಇನ್ನೂ ಎರಡು ವಾರವಿದೆ, ಹೇಳದಿದ್ದರೂ ನಡೆಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಡಾಕ್ಟರು “ಹೇಳಿದೆಯಾ?” ಎಂದು ಕೇಳಿದರು. “ಹೂಂ ಮೇಡಂ” ಅಂದೆ.

ಜಿಜಾಬಾಯಿ ಅವಳ ಒಬ್ಬಳೇ ಮಗಳು. ಹಿಂದಿನ ವರ್ಷ ಗಂಡ ಕಾಶೀರಾಮನ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ಅಲ್ಲೇ ತಗಡಿನ ಶೆಡ್ಡಿನಲ್ಲಿ ಚೊಚ್ಚಲ ಹೆರಿಗೆಯಾಗಿ ಕೂಸು ಎರಡನೇ ದಿನಕ್ಕೆ ತೀರಿಕೊಂಡಿತ್ತು. ಸಾವಿರ ಕೂಸಿಗೆ ಎರೆದ ಶೇವಂತಾಬಾಯಿ ಆ ಮೊಮ್ಮಗನ ಮುಖ ನೋಡಲಿಲ್ಲ. ಈ ಸಲ ಏಳು ತಿಂಗಳಿಗೇ ಮಗಳನ್ನು ಎಳೆದು ತಂದಿದ್ದಳು.

ಮೊದಲ ನಾಲ್ಕು ದಿನ ನಿದ್ದೆ ಬಂತು. ಐದನೇ ದಿನದಿಂದ ಬರಲಿಲ್ಲ. ಹಚ್ಚುತ್ತಿದ್ದಾಳೋ ಇಲ್ಲವೋ? ಅವಳ ಹತ್ತಿರ ಫೋನಿಲ್ಲ, ಮಗಳ ಫೋನಿಗೆ ಮಾಡಿದರೆ ಹತ್ತುತ್ತಿಲ್ಲ. ಏಳನೇ ದಿನ ಸಂಜೆ ಮೈಲೂರಿನ ಮನೆಯಲ್ಲಿ ಕೊಡಕ್ಕೆ ನೀರು ಹಿಡಿಯುತ್ತಿದ್ದೆ, ಜಿಜಾಳೇ ಫೋನು ಮಾಡಿದಳು.

“ಸಿಸ್ಟರ್, ಹೆಣ್ಣಕೂಸು! ಮೂರು ದಿನ ಆತ್ರಿ. ದಿನಕ್ಕಿಂತ ಮೊದಲೇ ಬ್ಯಾನಿ ಬಂದ್ವು, ಸಂತಪುರದ ಸರ್ಕಾರಿ ದವಾಖಾನ್ಯಾಗ ಹಡದೆ. ಇಬ್ರೂ ಆರಾಮ ಇದ್ದೇವಿ. ಮತ್ತ, ನೀವು ಕೊಟ್ಟ ಮುಲಾಮು ಭಾಳ ಚೊಲೊ ಅದರಿ. ಸಿಮೆಂಟಿನಾಗ ನಿಂತು ನಿಂತು ನನ್ನ ಹಿಮ್ಮಡ ಒಡದು ರಕ್ತ ಬರ್ತಿತ್ತು. ಅವ್ವ ‘ನನ್ನ ಮೂಗಿಗೇನಾಗ್ಯದ, ನೀ ಹಚ್ಗೊ’ ಅಂತ ಪೂರಾ ನನಗೇ ಹಚ್ಚಿದಳು. ಮಾದು ಹೋದ್ವು ನೋಡ್ರಿ. ಇನ್ನೊಂದು ಕಳಸ್ತೀರೇನು?”

ಕೊಡ ತುಂಬಿ ಹರಿಯುತ್ತಿತ್ತು, ಆ ಬರದ ದಿನದಲ್ಲೂ ನಳ ನಿಲ್ಲಿಸಬೇಕೆಂದು ಹೊಳೆಯಲಿಲ್ಲ.

“ಅವ್ವಗ ಕೊಡು ಫೋನು,” ಅಂದೆ.

“ಟ್ಯಾಂಕರ್ ಬಂದದ್ರಿ, ನೀರಿಗಿ ಹೋಗ್ಯಾಳ. ನಾಳಿ ಮುಂಜಾನಿ ಕೂಸಿಗಿ ಎರೀತಾಳಂತ. ಆಸ್ಪತ್ರ್ಯಾಗ ಬರೀ ಒರಸ್ಯಾರ್ರಿ. ಮೊಮ್ಮಗಳ ಮೊದಲನೇ ನೀರು, ಮೂರು ದಿನದಿಂದ ಅದೇ ಮಾತು ಆಕಿದು.”

“ನಾಳಿ ಎರೀಬ್ಯಾಡ ಅನ್ನು.”

“ಯಾಕ್ರಿ?”

ಅಲ್ಲಿಯೇ ಹೇಳಿಬಿಡಬಹುದಿತ್ತು. ಒಂದು ಕೂಸು ಕಳೆದುಕೊಂಡ ಮೂರು ದಿನದ ಬಾಣಂತಿಗೆ ನಿನ್ನವ್ವನ ಮೂಗಿನಲ್ಲಿ ಸಾವು ಇದೆ ಎಂದು ಹೇಗೆ ಹೇಳಲಿ ಅನ್ನಿಸಿತು. “ಸುಮ್ನ. ಹವಾ ಸರಿ ಇಲ್ಲ,” ಅಂದೆ. ನನ್ನ ನಾಲಿಗೆಗೆ ಏನು ಬಡಿದಿತ್ತೋ!

“ಇಂಥಾ ಬಿಸಲಾಗ ಹವಾಕ್ಕೇನಾಗ್ಯದ್ರಿ ಸಿಸ್ಟರ್,” ಎಂದು ಜಿಜಾ ನಕ್ಕಳು. ಅಷ್ಟಕ್ಕೆ ಫೋನು ಕಡಿಯಿತು. ತಿರುಗಿ ಮಾಡಿದೆ, ಬಂದ್ ಆಗಿತ್ತು. ಹತ್ತು ಸಲ ಮಾಡಿದೆ, ಇಪ್ಪತ್ತು ಸಲ ಮಾಡಿದೆ. ಡಾಬಕಾದಲ್ಲಿ ಕರೆಂಟು ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಬೆಳಿಗ್ಗೆ ಬೀದರಿನಿಂದ ಔರಾದಿಗೆ ಹೋಗುವ ಮೊದಲ ಬಸ್ಸು ಹಿಡಿದೆ. ಬಸ್ಸಿನಿಂದಲೇ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಎಂಟು ದಿನ, ಗ್ರೇಸ್?” ಎಂದಷ್ಟೇ ಕೇಳಿದರು. “ಮೊದಲು ಅಲ್ಲಿಗೆ ಹೋಗು.”

ಬಸ್ಸು ಸಂತಪುರದ ಹತ್ತಿರ ನಿಂತೇಬಿಟ್ಟಿತು. ರಸ್ತೆಯ ಅಡ್ಡಕ್ಕೆ ಖಾಲಿ ಕೊಡಗಳ ಸಾಲು, ಅವುಗಳ ಹಿಂದೆ ಹೆಣ್ಣುಮಕ್ಕಳು ಕೂತಿದ್ದರು. ನಾಲ್ಕು ದಿನದಿಂದ ಟ್ಯಾಂಕರ್ ಬಂದಿಲ್ಲ, ಸಾಹೇಬರು ಬರುವವರೆಗೆ ಒಂದೂ ಗಾಡಿ ಬಿಡುವುದಿಲ್ಲ ಅಂದರು. ಡ್ರೈವರು ಇಂಜಿನ್ ಆರಿಸಿ ಬೀಡಿ ಹಚ್ಚಿದ. ನನ್ನ ಗಡಿಯಾರದಲ್ಲಿ ಏಳೂವರೆ. ಹಂಡೆಗೆ ಉರಿ ಹಾಕುವ ಹೊತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಾಡಿದೆ. ಯಾರೂ ತಿರುಗಿ ನೋಡಲಿಲ್ಲ. ಇಳಿದು ಕೊಡಗಳನ್ನು ದಾಟಿ ಓಡಿದೆ. ಆಚೆ ಕಡೆ ಸಿಕ್ಕಿಕೊಂಡಿದ್ದ ಜೀಪೊಂದು ಔರಾದಿಗೆ ವಾಪಸ್ ತಿರುಗುತ್ತಿತ್ತು. ಕೈಮುಗಿದು ಹತ್ತಿದೆ. ಔರಾದಿನಲ್ಲಿ ಟಂಟಂ ಆಟೋ ತುಂಬುವವರೆಗೆ ಬಿಡುವುದಿಲ್ಲ ಎಂದವನಿಗೆ ಎಷ್ಟು ಜನರದು ಬೇಕೋ ಅಷ್ಟೂ ಕೊಡುತ್ತೇನೆ ನಡಿ ಎಂದು ಕೂತೆ. ದಾರಿಯುದ್ದಕ್ಕೂ ಹೊಲಗಳು ಬೋಳು. ಕರ್ತನೇ, ಅವಳಿಗೆ ಎಚ್ಚರವಾಗುವುದು ತಡವಾಗಲಿ, ಕಟ್ಟಿಗೆ ಹತ್ತದೆ ಹೋಗಲಿ, ಏನಾದರೂ ಆಗಲಿ ಎಂದು ಬೇಡಿಕೊಂಡೆ.

ಡಾಬಕಾದಲ್ಲಿ ಅವರ ಮನೆ ಊರ ತುದಿಗೆ. ಬಾಗಿಲಿನಲ್ಲಿ ನೆರೆಯ ಇಬ್ಬರು ಹೆಂಗಸರು ನಿಂತಿದ್ದರು. ಅವರ ನಡುವೆ ನುಗ್ಗಿದೆ. ಹಿತ್ತಲಲ್ಲಿ ಹೊಗೆ. ಚಪ್ಪಡಿಗಲ್ಲಿನ ಮೇಲೆ ಶೇವಂತಾಬಾಯಿ ಕಾಲು ನೀಡಿ ಕೂತಿದ್ದಾಳೆ. ಕಾಲ ಮೇಲೆ ಅಂಗೈಯಗಲದ ಕೆಂಪು ಮೈ, ಎಣ್ಣೆ ಹಚ್ಚಿ ನೀರು ಹೊಯ್ದಾಗಿದೆ, ಕೂಸು ಅಳುತ್ತಿದೆ. ಅವಳು ಕೂಸಿನ ತಲೆಯನ್ನು ಅಂಗೈಯಲ್ಲಿ ಎತ್ತಿ, ಮುಖ ಬಗ್ಗಿಸಿದಳು.

“ಊದಬ್ಯಾಡ!”

ನನ್ನ ದನಿಗೆ ಕೂಸೂ ಬೆಚ್ಚಿತು. ಶೇವಂತಾಬಾಯಿ ತಲೆ ಎತ್ತಿ, “ಅಯ್ಯ, ಸಿಸ್ಟರ್? ಯಾವಾಗ ಬಂದ್ರಿ? ನೋಡ್ರಿ ನನ್ನ ಬಂಗಾರನ್ನ,” ಎಂದು ನಗಲು ಹೊರಟಳು. ನನ್ನ ಮುಖ ನೋಡಿ ನಗು ನಿಂತಿತು.

“ಕೂಸನ್ನ ಜಿಜಾನ ಕೈಯಾಗ ಕೊಡು. ಮುಖದ ಹತ್ರ ಮುಖ ಒಯ್ಯಬ್ಯಾಡ. ನಿನ್ನ ಮೂಗಿನಾಗ ರೋಗದ ಕ್ರಿಮಿ ಅದ ಮೌಶಿ. ಆವತ್ತು ಕಡ್ಡಿ ಹಾಕಿದ್ನೆಲ್ಲ, ಅದರಾಗ ಬಂದದ. ನಿನಗ ಏನೂ ಆಗಂಗಿಲ್ಲ. ಕೂಸಿಗಿ ತಗಲ್ತದ.”

ನಾಲ್ಕು ಗೋಡೆಯ ನಡುವೆ ಮೆತ್ತಗೆ ಹೇಳಬೇಕಾಗಿದ್ದ ಮಾತನ್ನು ಓಣಿಯ ಹೆಂಗಸರ ಮುಂದೆ ಒದರಿದ್ದೆ. ಅವರಲ್ಲೊಬ್ಬಳು ಎರಡು ಹೆಜ್ಜೆ ಹಿಂದೆ ಸರಿದಳು. ಶೇವಂತಾಬಾಯಿ ಕೂಸನ್ನು ಜಿಜಾಳ ಕೈಗೆ ಕೊಟ್ಟಳು, ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಗೋಡೆಯವರೆಗೆ ಹಿಂದಕ್ಕೆ ಹೋದಳು. ನಾನು ಕೂಸಿನ ಕುತ್ತಿಗೆ, ಕಂಕುಳು, ತೊಡೆಸಂದು ಎಲ್ಲ ನೋಡಿದೆ. ಏನೂ ಇರಲಿಲ್ಲ. ಹೊಕ್ಕುಳು ಒಣಗಿತ್ತು. ಜಿಜಾ ಮಗಳನ್ನು ಒರೆಸಿ ಬಟ್ಟೆ ಸುತ್ತಿದಳು.

“ಹಂಗಾದ್ರ ಆ ನಾಲ್ಕು ಕೂಸು?” ಗೋಡೆಯ ಕಡೆಯಿಂದ ಶೇವಂತಾಬಾಯಿ ಕೇಳಿದಳು.

ನಾನು ಕೂಸಿನ ಬಟ್ಟೆಯ ಅಂಚು ಸರಿಮಾಡಿದೆ.

“ಸತ್ತದ್ದು?”

“ನೀ ಬೇಕಂತ ಮಾಡಿಲ್ಲ ಮೌಶಿ.”

“ಅದು ಕೇಳಿಲ್ಲ ನಾ. ನನ್ನಿಂದೇ ಹೋತೇನು?”

“ಅದರ ರಕ್ತದಾಗ ಇದ್ದದ್ದೂ ಇದೇ ಕ್ರಿಮಿ,” ಅಂದೆ. “ನಿನ್ನಿಂದೇ ಇರ್ಬೇಕು.”

ಅವಳು ಅಳಲಿಲ್ಲ. ಗೋಡೆಗೆ ಒರಗಿ ಕೆಳಗೆ ಕೂತಳು. ಎರಡೂ ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದಳು. ಹತ್ತಿರ ಹೋಗಿ ಅಪ್ಪಿಕೊಳ್ಳಬೇಕು ಅನ್ನಿಸಿತು, ಹೋಗಲಿಲ್ಲ.

“ನಿನಗ ಯಾವಾಗ ಗೊತ್ತಾತು?”

“ನೀ ಊರಿಗಿ ಬಂದ ದಿನ.”

“ನೀರಿಲ್ಲ, ವಾರ್ಡ್ ಮುಚ್ತೇವಿ ಅಂದಿ.”

“ನಿನಗ ಮುಟ್ಟಬ್ಯಾಡ ಅಂತ ಹೇಳಾಕ ನನಗ ಬಾಯಿ ಬರ್ಲಿಲ್ಲ ಮೌಶಿ. ನಿಮ್ಮವ್ವಗ ಆದದ್ದು ನೆನಪಾತು. ನಿನ್ನ ಮರ್ಯಾದಿ...”

“ನನ್ನ ಮರ್ಯಾದಿ ನಿನ್ನ ಕೈಯಾಗ ಯಾರು ಕೊಟ್ಟಿದ್ರು?” ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ದನಿ ಏರಿಸಿದ್ದು ನಾನು ಕೇಳಿರಲಿಲ್ಲ. “ನಮ್ಮವ್ವನ್ನ ಹೊರಗ ಕೂಡ್ಸಿದ್ದು ಜಾತಿಗಿ. ಇದು ರೋಗ. ಎರಡರ ಫರಕ್ ನನಗ ಗೊತ್ತಾಗಂಗಿಲ್ಲೇನು? ಆಸ್ಪತ್ರ್ಯಾಗೇ ಮುದುಕಿ ಆಗೀನಿ. ಒಂದು ಮಾತು ಹೇಳಿದ್ರ ನಾನೇ ದೂರ ಕೂಡ್ತಿದ್ನೆಲ್ಲ. ಹೇಳ್ಲಿಲ್ಲ ನೀ. ಈ ಎಂಟು ದಿನದಾಗ ಊರಾಗ ಎರಡು ಕೂಸಿಗಿ ಎರದೀನಿ, ಗ್ರೇಸ. ಎರಡಕ್ಕೂ ಊದೀನಿ.”

ಇಡೀ ದಾರಿ ನಾನು ಒಂದೇ ಕೂಸಿನ ಚಿಂತೆ ಮಾಡಿಕೊಂಡು ಬಂದಿದ್ದೆ. ಊರಿಗೆ ಬಂದ ಮೌಶಿಯನ್ನು ಊರವರು ಸುಮ್ಮನೆ ಬಿಡುತ್ತಾರೆಯೇ, ಭಾಲ್ಕಿ ಆಸ್ಪತ್ರೆಯ ಕೈ ಎಂದು ಕರೆಯದೆ ಇರುತ್ತಾರೆಯೇ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಅವಳು ಎದ್ದಳು. ಒಗೆದ ಒಂದು ಬಟ್ಟೆ ತೆಗೆದುಕೊಂಡು ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡಳು. “ನಡಿ,” ಅಂದಳು.

ಮೊದಲ ಮನೆ ಅದೇ ಓಣಿಯಲ್ಲಿ. ಅವಳು ಅಂಗಳದಲ್ಲೇ ನಿಂತು ವಿಷಯ ಹೇಳಿದಳು, ನಾನು ಒಳಗೆ ಹೋಗಿ ಕೂಸನ್ನು ನೋಡಿದೆ. ಮೈ ಚೊಕ್ಕವಿತ್ತು. ಏನೇನು ಕಂಡರೆ ಕೂಡಲೇ ಔರಾದಿಗೆ ಒಯ್ಯಬೇಕೆಂದು ತಾಯಿಗೆ ಹೇಳಿ ಹೊರಬಂದೆ. ಎರಡನೆಯದು ಊರ ನಡುವಿನ ದೊಡ್ಡ ಮನೆ, ಸುಭದ್ರಾಬಾಯಿ ಎಂಬ ಹೆಂಗಸಿನದು. ಅವರ ಮೊಮ್ಮಗನಿಗೆ ಶೇವಂತಾಬಾಯಿ ಆರು ದಿನದ ಹಿಂದೆ ಎರೆದಿದ್ದಳು. ಗೇಟಿನ ಹೊರಗೆ ನಿಂತು ಕೂಗಿದಳು.

ಸುಭದ್ರಾಬಾಯಿ ಪಡಸಾಲೆಗೆ ಬಂದರು. “ಒಳಗ ಬಾ ಶೇವಂತಾ, ಹೊರಗ ಯಾಕ ನಿಂತಿ? ಬಾಯಿಗಿ ಏನು ಕಟ್ಕೊಂಡೀದಿ?”

“ಒಳಗ ಬರಂಗಿಲ್ರಿ ಅಕ್ಕಾ. ನನ್ನ ಮೂಗಿನಾಗ ರೋಗ ಅದ. ಆವತ್ತು ನಿಮ್ಮ ಕೂಸಿಗಿ ಊದೀನಿ. ಕೂಸಿನ ಅರಿವಿ ಬಿಚ್ಚಿ ಈ ಸಿಸ್ಟರಗ ತೋರಸ್ರಿ. ಜಲ್ದಿ ಮಾಡ್ರಿ.”

ಕೂಸನ್ನು ಪಡಸಾಲೆಗೆ ತಂದರು. ಬಟ್ಟೆ ಬಿಚ್ಚಿದೆ. ಕುತ್ತಿಗೆಯ ಮಡಿಕೆಯಲ್ಲಿ ಎರಡು, ಕಂಕುಳಲ್ಲಿ ಒಂದು, ಕೀವು ತುಂಬಿದ ಗುಳ್ಳೆ. ಹಣೆ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ. ಹಾಲು ಕುಡಿಯುತ್ತಿದೆ ಅಂದರು. ಆ ಕೂಸು ಉಳಿಯಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದೇ ಟಂಟಂನಲ್ಲಿ ಔರಾದಿಗೆ ಒಯ್ದು, ಡಾಕ್ಟರು ಫಕ್ರುನ್ನಿಸಾ ಫೋನಿನಲ್ಲಿ ಹೇಳಿದ ಔಷಧಿ ಆವತ್ತೇ ಶುರು ಮಾಡಿಸಿ, ಹತ್ತು ದಿನಕ್ಕೆ ಗುಣವಾಯಿತು. ಜಿಜಾಳ ಮಗಳಿಗೆ ಏನೂ ಆಗಲಿಲ್ಲ. ಆಗಸ್ಟಿಗೆ ಶೇವಂತಾಬಾಯಿಯ ಮೂರನೇ ರಿಪೋರ್ಟೂ ಚೊಕ್ಕ ಬಂದು ಅವಳು ಭಾಲ್ಕಿಗೆ ತಿರುಗಿ ಬಂದಳು, ಇನ್ನೂ ನಾಲ್ಕು ವರ್ಷ ಎರೆದಳು. ಊದಲಿಲ್ಲ. ಅದೆಲ್ಲ ಆಮೇಲಿನದು. ಆ ಪಡಸಾಲೆಯಲ್ಲಿ, ಮೂರು ಗುಳ್ಳೆಗಳ ಮುಂದೆ ಕೂತಾಗ, ನನಗೆ ಯಾವುದೂ ಗೊತ್ತಿರಲಿಲ್ಲ.

ಸುಭದ್ರಾಬಾಯಿ ಗುಳ್ಳೆ ನೋಡಿದರು. ಗೇಟಿನ ಕಡೆ ತಿರುಗಿದರು. ಅವರ ದನಿಗೆ ಅಕ್ಕಪಕ್ಕದ ಮನೆಯವರೂ ಹೊರಗೆ ಬಂದರು.

“ಮೈಯಾಗ ರೋಗ ಇಟ್ಕೊಂಡು ನಮ್ಮ ಕೂಸಿಗಿ ಮುಟ್ಟಿದಿ? ಗೊತ್ತಿದ್ದೂ ಮುಟ್ಟಿದೇನು? ನಾವೇ ಹುಚ್ಚರು, ನಿನ್ನನ್ನ ಒಳಗ ಕರ್ಕೊಂಡೇವಿ!”

ಶೇವಂತಾಬಾಯಿ ಬಿಸಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಗೊತ್ತಿರಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಅವಳು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಕೂಸನ್ನು ಅದರ ತಾಯಿಯ ಮಡಿಲಿಗೆ ಕೊಟ್ಟು ನಾನು ಎದ್ದೆ. ಪಡಸಾಲೆ ಇಳಿದು, ಅಂಗಳ ದಾಟಿ, ಗೇಟಿನ ಹೊರಗೆ ಅವಳ ಪಕ್ಕಕ್ಕೆ ಹೋಗಿ ನಿಂತೆ.

“ಆಕಿಗಿ ಗೊತ್ತಿದ್ದಿಲ್ರಿ,” ಅಂದೆ. “ನನಗ ಗೊತ್ತಿತ್ತು. ಎಂಟು ದಿನದಿಂದ ನನಗ ಗೊತ್ತಿತ್ತು.”